ಕಡಲಿಗೆ ಹೇಳಿದ ಮಾತು

ಬಾಲಿ ದ್ವೀಪದಲ್ಲಿ, ಮರಳೆಲ್ಲ ಕಪ್ಪಗಿರುವ ಒಂದು ಕಡಲ ದಂಡೆಯ ಮೇಲೆ, ಉಪ್ಪು ತೆಗೆಯುವವರ ಹಳ್ಳಿಯೊಂದಿತ್ತು. ಆ ಹಳ್ಳಿಯಲ್ಲಿ ರಸ್ನಿ ಎಂಬ ಹೆಂಗಸು ಇದ್ದಳು. ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಕೇಳಿ ನೀವು ಅವಳನ್ನು ರಾಕ್ಷಸಿ ಅಂದುಕೊಂಡರೆ ಈ ಕಥೆ ನಿಮಗೆ ತಾಗುವುದೇ ಇಲ್ಲ. ಹಸಿದು ಬಂದವರಿಗೆ ಅನ್ನ ಹಾಕುವವಳು, ಬೀದಿನಾಯಿಗೂ ಕಲ್ಲು ಬೀಸದವಳು. ನಿಮ್ಮ ಹಾಗೆ, ನನ್ನ ಹಾಗೆ ಒಬ್ಬಳು.

ಒಂದೇ ಅಂಗಳದ ಸುತ್ತ ಅವರ ಮನೆಗಳು. ಒಂದು ಕಡೆ ರಸ್ನಿ ಮತ್ತು ಅವಳ ಗಂಡ ವಿರ್ತ. ಎದುರಿಗೆ ವಿರ್ತನ ಅಣ್ಣ ಮತ್ತು ಅವನ ಹೆಂಡತಿ ದರ್ಮಿ. ನಡುವಿನ ಚಿಕ್ಕ ಮನೆಯಲ್ಲಿ ಅಣ್ಣತಮ್ಮಂದಿರ ತಾಯಿ, ಮುದುಕಿ ಸಾದ್ರಿ. ಗಂಡಸರು ದೋಣಿ ತೆಗೆದುಕೊಂಡು ಮೀನಿಗೆ ಹೋಗುವರು. ಉಪ್ಪಿನ ಕೆಲಸವೆಲ್ಲ ಹೆಂಗಸರದು.

ಆ ಕೆಲಸ ಸುಲಭದ್ದಲ್ಲ. ಹೆಗಲ ಮೇಲೆ ಅಡ್ಡೆ ಹೊತ್ತು, ಎರಡು ಕೊಡ ತುಂಬ ಕಡಲ ನೀರು ತಂದು, ಹಸನು ಮಾಡಿದ ಮರಳಿನ ಮೇಲೆ ಚಿಮುಕಿಸಬೇಕು. ಬಿಸಿಲಿಗೆ ಮರಳು ಒಣಗಿ ಹಕ್ಕಳೆ ಕಟ್ಟಿದ ಮೇಲೆ ಅದನ್ನು ಕೆರೆದು, ಮತ್ತೆ ಕಡಲ ನೀರು ಹೊಯ್ದು ಸೋಸಬೇಕು. ಆಗ ಇಳಿಯುವುದು ಗಟ್ಟಿ ಉಪ್ಪುನೀರು. ಹನ್ನೆರಡು ದಿನ ಬೆನ್ನು ಬಗ್ಗಿಸಿದರೆ ಒಂದು ಮರದ ತೊಟ್ಟಿ ತುಂಬುತ್ತದೆ. ತೊಟ್ಟಿಯ ಬುಡದಲ್ಲಿ ಒಂದು ತೂತು, ತೂತಿಗೆ ತೆಂಗಿನ ನಾರು ಸುತ್ತಿದ ಮರದ ಬಿರಡೆ. ಬೇಕಾದಾಗ ಬಿರಡೆ ತೆಗೆದು ನೀರನ್ನು ಮರಿಗೆಗಳಿಗೆ ಬಿಟ್ಟು ಒಣಗಿಸಿದರೆ ಬೆಳ್ಳನೆಯ ಉಪ್ಪು.

ಈ ಬಿರಡೆಯ ಕೆಲಸವೇ ಸಾದ್ರಿಯದು. ನಾರನ್ನು ಎಷ್ಟು ಸುತ್ತು ಸುತ್ತಬೇಕು, ಎಷ್ಟು ನೆನೆಸಬೇಕು, ಎಲ್ಲಿ ಎರಡು ಪೆಟ್ಟು ಕೊಟ್ಟು ನಿಲ್ಲಿಸಬೇಕು, ಅದೆಲ್ಲ ಅವಳ ಬೆರಳಿಗೆ ಗೊತ್ತಿತ್ತು. ನಲವತ್ತು ವರ್ಷದಿಂದ ಆ ದಂಡೆಯ ಯಾವ ತೊಟ್ಟಿಯಿಂದಲೂ ಒಂದು ಹನಿ ಜಿನುಗಿದ್ದಿಲ್ಲ. ಮುದುಕಿಗೆ ಕಣ್ಣು ಮಬ್ಬಾಗಿತ್ತು. ಬೆನ್ನು ಬಾಗಿತ್ತು. ಆದರೂ ಬೆಳಗಾದರೆ ಕೋಲೂರಿಕೊಂಡು ತೊಟ್ಟಿಗಳ ಸಾಲಿಗೆ ಹೋಗಿ ಒಂದೊಂದೇ ಬಿರಡೆ ಮುಟ್ಟಿ ನೋಡುವಳು. ಮೊಮ್ಮಕ್ಕಳ ಕೆನ್ನೆ ಸವರುವ ಹಾಗೆ ಸವರುವಳು. "ನನ್ನ ಕೈ ಸತ್ತ ದಿನ ನಾನೂ ಸತ್ತೆ ಅಂತ ತಿಳ್ಕೊಳ್ಳಿ" ಎಂದು ನಗುವಳು. ಅದು ನಗೆಯ ಮಾತು ಅಂತಲೇ ಎಲ್ಲರೂ ಅಂದುಕೊಂಡಿದ್ದರು.

ವರ್ಷಕ್ಕೊಮ್ಮೆ ಹಳ್ಳಿಯವರೆಲ್ಲ ದೇವರ ಮೂರ್ತಿಗಳಿರುವ ಪೆಟ್ಟಿಗೆಗಳನ್ನು ಹೊತ್ತು ಕಡಲಿಗೆ ಬಂದು ಶುದ್ಧಿ ಮಾಡಿಸುತ್ತಾರೆ. ಆ ದಿನ ಕಡಲ ದೇವರಿಗೆ ಇಡುವ ಎಡೆಯಲ್ಲಿ ಒಂದು ಬಟ್ಟಲು ಹೊಸ ಉಪ್ಪು ಇರಬೇಕು. ಆ ದೇವರನ್ನು ಅವರು ಬರುಣ ಅನ್ನುತ್ತಾರೆ, ನಮ್ಮ ವರುಣನೇ. ಆ ಬಟ್ಟಲು ಉಪ್ಪು ಕೊಡುವ ಹಕ್ಕು ಸಾದ್ರಿಯ ಮನೆಯದು. ಇಬ್ಬರು ಸೊಸೆಯರಲ್ಲಿ ಯಾರ ಉಪ್ಪು ಹೋಗಬೇಕು ಎಂದು ಹೇಳುವವಳೂ ಸಾದ್ರಿಯೇ. ಇಬ್ಬರ ಉಪ್ಪನ್ನೂ ಚಿಟಿಕೆ ಚಿಟಿಕೆ ನಾಲಗೆಗೆ ಹಚ್ಚಿ ನೋಡಿ, ಎರಡು ವರ್ಷ ದರ್ಮಿಯದನ್ನೇ ಆರಿಸಿದ್ದಳು. ಮೂರನೆಯ ವರ್ಷವೂ ಬಾವಿಕಟ್ಟೆಯಲ್ಲಿ ನಾಲ್ಕು ಜನರ ಎದುರಿಗೆ ಅಂದುಬಿಟ್ಟಳು:

"ರಸ್ನಿ ಉಪ್ಪಲ್ಲಿ ಇನ್ನೂ ಒಗರಿದೆ. ಈ ಸಲಾನೂ ದರ್ಮಿದೇ ಹೋಗ್ಲಿ."

ಮುದುಕಿಯ ಮಾತಿನಲ್ಲಿ ಕೊಂಕೇನೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಆದರೆ ಆ ನಾಲ್ಕು ಜನ ತನ್ನ ಮುಖ ನೋಡಿದ್ದನ್ನು ರಸ್ನಿ ಮರೆಯಲಿಲ್ಲ. ಅಂದಿನಿಂದ ಅಡ್ಡೆ ಹೊತ್ತರೂ ಅದೇ ಯೋಚನೆ, ಉಣ್ಣಲು ಕೂತರೂ ಅದೇ. ಹೊಟ್ಟೆಕಿಚ್ಚಿಗೆ ಒಂದು ಗುಣವಿದೆ ನೋಡಿ, ಅದು ಬಂದ ಮನೆಯವರಿಗೆ ಅದು ಹೊಟ್ಟೆಕಿಚ್ಚು ಅಂತ ಗೊತ್ತಾಗುವುದೇ ಇಲ್ಲ. ರಸ್ನಿ ಅದನ್ನು ನ್ಯಾಯ ಎಂದು ಕರೆದಳು. "ನಾನೂ ಅಷ್ಟೇ ದುಡಿಯಲ್ವಾ? ನಂಗೂ ಒಂದು ಸಲ ಆಗ್ಬೇಡ್ವಾ?" ಎಂದು ಮನಸ್ಸಿನಲ್ಲೇ ವಾದ ಮಾಡಿ ಮನಸ್ಸಿನಲ್ಲೇ ಗೆದ್ದಳು.

ಶುದ್ಧಿಯ ದಿನಕ್ಕೆ ಹತ್ತು ದಿನ ಉಳಿದಿತ್ತು. ದರ್ಮಿಯ ತೊಟ್ಟಿ ತುಂಬಿತ್ತು. ಮಟಮಟ ಮಧ್ಯಾಹ್ನ, ಎಲ್ಲರೂ ಉಂಡು ನೆರಳಿಗೆ ಒರಗಿದ್ದರು. ರಸ್ನಿ ಒಬ್ಬಳೇ ದಂಡೆಗೆ ಹೋದಳು. ಬಗ್ಗಿ, ದರ್ಮಿಯ ತೊಟ್ಟಿಯ ಬಿರಡೆಯನ್ನು ಎಡಕ್ಕೆ ಎರಡು ಸಲ ತಿರುಚಿದಳು. ಅದು ಸುಲಭಕ್ಕೆ ಬರಲಿಲ್ಲ, ಮುದುಕಿಯ ಕೈಯ ಬಿಗಿ ಅದು. ಹಲ್ಲು ಕಚ್ಚಿ ಎಳೆದಳು. ಬಿರಡೆ ಕಿತ್ತು ಬಂತು. ತಾನಾಗಿಯೇ ಜಾರಿ ಬಿದ್ದಂತೆ ಅದನ್ನು ತೂತಿನ ಕೆಳಗೇ ಬಿಟ್ಟು ಮನೆಗೆ ಬಂದು ಮಲಗಿದಳು.

ಹನ್ನೆರಡು ದಿನದ ಬೆವರನ್ನು ಕಪ್ಪು ಮರಳು ಸದ್ದಿಲ್ಲದೆ ಕುಡಿದುಬಿಟ್ಟಿತು.

ಸಂಜೆ ದರ್ಮಿಯ ಕೂಗು ಇಡೀ ದಂಡೆಗೆ ಕೇಳಿಸಿತು. ಜನ ಓಡಿ ಬಂದರು. ಸಾದ್ರಿಯೂ ಕೋಲೂರಿಕೊಂಡು ಬಂದಳು. ದರ್ಮಿ ಬಾಯಿ ಬಿಗಿಹಿಡಿಯುವ ಜಾತಿಯವಳಲ್ಲ. ಅಳುತ್ತ, ಮೂಗು ಒರೆಸಿಕೊಳ್ಳುತ್ತ ಅತ್ತೆಯ ಕಡೆಗೆ ತಿರುಗಿದಳು.

"ಅತ್ತೆ, ನೆಟ್ಟಗೆ ಬಡಿದಿದ್ರಾ ಇದನ್ನ? ಕಣ್ಣು ಕಾಣ್ಸಲ್ಲ, ಕೈ ನಡುಗುತ್ತೆ ಅಂದ್ರೆ ಬಾಯಿಬಿಟ್ಟು ಹೇಳ್ಬಾರ್ದಿತ್ತಾ? ನನ್ನ ತೊಟ್ಟೀನೇ ಬೇಕಿತ್ತಾ ನಿಮಗೆ?"

ಸಾದ್ರಿ ಬಿರಡೆಯನ್ನು ಎತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದಳು. ನಾರು ಮುಟ್ಟಿದಳು. ತಿರುಗಿಸಿ ತಿರುಗಿಸಿ ನೋಡಿದಳು.

"ಬಡಿದಿದ್ದೆ ಕಣೇ," ಎಂದಳು. ನಾರನ್ನು ಇನ್ನೊಮ್ಮೆ ಮುಟ್ಟಿ, "ಬಡಿದಿದ್ದೆ ಅನ್ಸುತ್ತೆ," ಎಂದಳು. ಕೊನೆಗೆ, ಯಾರಿಗೂ ಅಲ್ಲ, ತನಗೇ ಎಂಬಂತೆ, "ನನ್ನ ಕೈಯೇ ಇರ್ಬೇಕು," ಎಂದಳು.

ರಸ್ನಿ ಮೂರು ಮಾರು ದೂರದಲ್ಲಿ ನಿಂತಿದ್ದಳು. ದರ್ಮಿಗೆ ಒಂದು ತೊಟ್ಟಿ ನೀರು ನಷ್ಟವಾಗಲಿ ಎಂದಷ್ಟೇ ಅವಳು ಬಯಸಿದ್ದು. ಬಿರಡೆ ಯಾರದು ಎಂಬುದನ್ನು ಅವಳು ಯೋಚಿಸಿಯೇ ಇರಲಿಲ್ಲ. ಆಗಲೇ ಬಾಯಿ ತೆರೆದಿದ್ದರೆ ನಾಲ್ಕು ಬೈಗುಳಕ್ಕೆ ಮುಗಿಯುತ್ತಿತ್ತು. ತೆರೆಯಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡಳು.

ಹಿರಿಯ ಮಗ ತಾಯಿಯ ತೋಳು ಹಿಡಿದು ತುಂಬ ಪ್ರೀತಿಯಿಂದಲೇ ಹೇಳಿದ, "ಹೋಗ್ಲಿ ಬಿಡಮ್ಮ. ನಿಂಗೂ ವಯಸ್ಸಾಯ್ತು. ಇನ್ಮೇಲೆ ನೀನು ಕೂತು ಉಣ್ಣು. ಬಿರಡೆ ನಾವೇ ನೋಡ್ಕೋತೀವಿ."

ಆ ಪ್ರೀತಿಯ ಮಾತು ದರ್ಮಿಯ ಬೈಗುಳಕ್ಕಿಂತ ಆಳಕ್ಕೆ ಇಳಿಯಿತು. ಸಾದ್ರಿ ಬಿರಡೆಯನ್ನು ಮಗನ ಕೈಗೆ ಕೊಟ್ಟು ಮನೆಗೆ ನಡೆದಳು. ಆಮೇಲೆ ಅವಳು ದಂಡೆಗೆ ಬರಲಿಲ್ಲ.

ಆ ವರ್ಷ ಎಡೆಯ ಬಟ್ಟಲಿಗೆ ರಸ್ನಿಯ ಉಪ್ಪು ಹೋಯಿತು. ಬೇರೆ ಉಪ್ಪೇ ಇರಲಿಲ್ಲವಲ್ಲ! ಜನ ಬಟ್ಟಲು ನೋಡಿ ತಲೆದೂಗಿದರು. ರಸ್ನಿ ಬೇಕೆಂದದ್ದು ಸಿಕ್ಕಿತು. ಆದರೆ ಮೆರವಣಿಗೆಯಲ್ಲಿ ನಡೆಯುವಾಗ ಅವಳಿಗೆ ಕಂಡದ್ದು ಒಂದೇ, ಗುಂಪಿನಲ್ಲಿ ಅತ್ತೆ ಇಲ್ಲ.

ಅತ್ತೆ ಮನೆಯಲ್ಲಿ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಕೈ ಒಂದು ಸಲ ಸುಳ್ಳು ಹೇಳಿತು ಎಂದಾದ ಮೇಲೆ ಮುದುಕಿ ಅದರ ಯಾವ ಕೆಲಸವನ್ನೂ ನಂಬಲಿಲ್ಲ. ಒಲೆ ಆರಿಸಿದೆನೇ ಎಂದು ಹತ್ತು ಸಲ ಎದ್ದು ನೋಡುವಳು. ಅನ್ನಕ್ಕೆ ನೀರಿಟ್ಟು, ಇಟ್ಟೆನೋ ಇಲ್ಲವೋ ಎಂದು ಅಲ್ಲೇ ನಿಂತುಬಿಡುವಳು. ಮೊಮ್ಮಗಳು ತಲೆ ಬಾಚು ಅಂತ ಬಂದರೆ, "ಬೇಡ ಕಂದಾ, ಗೀರಿಬಿಟ್ಟೇನು, ನಿಮ್ಮಮ್ಮನ್ನ ಕೇಳು" ಎಂದು ಕೈ ಹಿಂದಕ್ಕೆ ಮುಚ್ಚಿಟ್ಟುಕೊಳ್ಳುವಳು. ಊಟ ಅರ್ಧಕ್ಕಿಳಿಯಿತು, ಆಮೇಲೆ ಕಾಲುಭಾಗಕ್ಕೆ. ಕೆನ್ನೆ ಒಳಗೆ ಹೋಯಿತು. ಊರ ವೈದ್ಯ ಬಂದು ಬೇರು ತೇಯ್ದು ಹಚ್ಚಿದ, ಸೊಪ್ಪಿನ ರಸ ಕುಡಿಸಿದ. ಏನೂ ನಾಟಲಿಲ್ಲ.

ರಸ್ನಿಯೂ ಸೊರಗಿದಳು. ಅರ್ಧ ಊಟಕ್ಕೇ ಎದ್ದುಬಿಡುವಳು. ಕಣ್ಣು ಮುಚ್ಚಿದರೆ ಬಿರಡೆ ಕಿತ್ತ ಸದ್ದು. ಒಮ್ಮೆ ಹೇಳಿಬಿಡಬೇಕು ಎಂದು ಅತ್ತೆಯ ಬಾಗಿಲಿಗೆ ಹೋಗುವಳು, ಹೊಸ್ತಿಲ ಹತ್ತಿರವೇ ನಿಂತು, "ಅತ್ತೆ, ಗಂಜಿ ತರ್ಲಾ?" ಎಂದು ಕೇಳಿ ಹಿಂತಿರುಗುವಳು. ತಪ್ಪು ಹಳೆಯದಾದಷ್ಟೂ ಹೇಳುವುದು ಕಷ್ಟ. ಮೊದಲ ದಿನ ಬಿರಡೆ ಕಿತ್ತದ್ದು ಮಾತ್ರ ಒಪ್ಪಿಕೊಳ್ಳಬೇಕಿತ್ತು. ಈಗ ಇಷ್ಟು ದಿನ ಸುಮ್ಮನಿದ್ದದ್ದನ್ನೂ ಒಪ್ಪಿಕೊಳ್ಳಬೇಕು.

ಕೊನೆಗೆ ವಿರ್ತ ಪೂಜಾರಿ ಸುವೆಕನ ಹತ್ತಿರ ಹೋದ. ಕಡಲ ಗುಡಿಯ ಪೂಜಾರಿ ಆತ. ಗೌರವದಿಂದ ಎಲ್ಲರೂ ಅವನನ್ನು ಜೆರೊ ಎಂದು ಕರೆಯುತ್ತಿದ್ದರು. ಜೆರೊ ಬಂದು ಮುದುಕಿಯ ಪಕ್ಕ ಬಹಳ ಹೊತ್ತು ಕೂತು, ಎದ್ದು ಹೇಳಿದ, "ಮೈಯಲ್ಲಿ ಏನೂ ಇಲ್ಲ. ಮನಸ್ಸಿಗೆ ಏನೋ ಅಂಟಿಕೊಂಡಿದೆ. ಕಡಲಲ್ಲಿ ತೊಳೆಸೋಣ."

ಕಡಲ ನೀರಿನಲ್ಲಿ ತೊಳೆಸುವುದು ಆ ದ್ವೀಪದವರಿಗೆ ಔಷಧದಂತೆ. ದುಃಖ ಹಿಡಿದವರು, ಹೆದರಿದವರು, ಕಾರಣವಿಲ್ಲದೆ ಕೃಶರಾದವರು ಹೂವು ಹಣ್ಣು ಇಟ್ಟು ಪ್ರಾರ್ಥಿಸಿ ಕಡಲಿಗೆ ಇಳಿಯುತ್ತಾರೆ. ಜೆರೊ ಸುವೆಕ ಮಾಡಿಸುವಾಗ ಅವನದೊಂದು ಪದ್ಧತಿ ಇತ್ತು. ಕಾಯಿಲೆಯವರನ್ನು ಮನೆಯವರೊಬ್ಬರು ಕೈಹಿಡಿದು ಎದೆಮಟ್ಟದ ನೀರಿಗೆ ಕರೆದೊಯ್ಯಬೇಕು. ಎರಡು ಸಲ ಮುಳುಗಿಸಬೇಕು. ಮೂರನೆಯದು ದಡದಲ್ಲಿ ಜೆರೊ ಚಿಪ್ಪಿನಲ್ಲಿ ಎರೆಯುವ ನೀರು. ಎರಡು ಮುಳುಗಿನ ನಡುವೆ, ಇಬ್ಬರ ಮಧ್ಯೆ ಹೇಳದೆ ಉಳಿದದ್ದು ಏನಿದ್ದರೂ ಹೇಳಿಬಿಡಬೇಕು.

"ಅಮ್ಮನ ಜೊತೆ ಯಾರು ಇಳೀತೀರಿ?" ಜೆರೊ ಕೇಳಿದ.

ದರ್ಮಿ ಮುಂದೆ ಬಂದಳು. ಸಾದ್ರಿ ತಲೆ ತಗ್ಗಿಸಿ ಸಣ್ಣ ದನಿಯಲ್ಲಿ ಹೇಳಿದಳು, "ಬೇಡ. ಅವಳಿಗೆ ಮುಖ ತೋರ್ಸೋಕೆ ನಂಗೆ ನಾಚಿಕೆ. ರಸ್ನಿ ಬರ್ಲಿ. ಅವಳು ಒಂದು ಮಾತೂ ಅಂದವಳಲ್ಲ."

ರಸ್ನಿ ಹೂಂ ಎಂದಳು.

ಬೆಳಗಿನ ಎಳೆ ಬಿಸಿಲು. ಮರಳ ಮೇಲೆ ತೆಂಗಿನ ಗರಿಯ ಪುಟ್ಟ ತಟ್ಟೆಗಳಲ್ಲಿ ಹೂವು, ಅಕ್ಕಿ, ಊದುಬತ್ತಿ. ಜೆರೊ ಗಂಟೆ ಆಡಿಸುತ್ತಿದ್ದ. ಮನೆಯವರೆಲ್ಲ ಸಾಲಾಗಿ ಕೂತಿದ್ದರು. ಬಿಳಿ ಬಟ್ಟೆ ಉಟ್ಟು ಸೊಂಟಕ್ಕೆ ಹಳದಿ ಪಟ್ಟಿ ಕಟ್ಟಿದ ಮುದುಕಿ ರಸ್ನಿಯ ಕೈಯಲ್ಲಿ ಕೈಯಿಟ್ಟು ನಿಂತಿದ್ದಳು. ನೀರಿಗೆ ಇಳಿಯುವ ಮೊದಲು ಜೆರೊ ರಸ್ನಿಯ ಹತ್ತಿರ ಬಂದು ಅಂದ:

"ಅಲೆಯ ಸದ್ದಿಗೆ ನಿನ್ನ ಮಾತು ದಡದವರಿಗೆ ಕೇಳಿಸಲ್ಲ, ಹೆದರ್ಬೇಡ. ಏನಿದ್ರೂ ಅವಳ ಕಿವೀಲಿ ಹೇಳು. ಏನೂ ಇಲ್ದಿದ್ರೆ ಏನೂ ಇಲ್ಲ ಅಂತಾನೇ ಹೇಳು."

ಇಳಿದರು. ಮೊದಲ ಮುಳುಗು ಆಯಿತು. ಮುದುಕಿ ಕೆಮ್ಮಿ, ಮುಖ ಒರೆಸಿಕೊಂಡು, ಸೊಸೆಯ ಭುಜಕ್ಕೆ ಆತುಕೊಂಡಳು. ಮೈ ಎಷ್ಟು ಹಗುರವಾಗಿತ್ತೆಂದರೆ ಅಲೆ ಬಂದಾಗೆಲ್ಲ ಕಾಲು ತೇಲುತ್ತಿತ್ತು. ರಸ್ನಿಯ ಬಾಯಿಯ ಪಕ್ಕದಲ್ಲೇ ಅತ್ತೆಯ ಕಿವಿ. ಒಂದು ಮಾತು, ಅಷ್ಟೇ. ದಡದವರಿಗೆ ಕೇಳಿಸದು. ಬೈಯಲು ಮುದುಕಿಗೆ ಶಕ್ತಿಯೂ ಇಲ್ಲ.

ತುಟಿ ತೆರೆದಳು. ಮುದುಕಿ ಆಗಲೇ ತಲೆ ಎತ್ತಿ ಅವಳನ್ನು ನೋಡಿದಳು. ಆ ಮಬ್ಬುಗಣ್ಣಿನಲ್ಲಿ ಎಷ್ಟು ನಂಬಿಕೆ ಇತ್ತೆಂದರೆ ರಸ್ನಿಗೆ ಅದನ್ನು ಒಡೆಯಲು ಧೈರ್ಯ ಬರಲಿಲ್ಲ. ಧೈರ್ಯ ಬರಲಿಲ್ಲ ಎಂದರೆ ಅದೂ ಪೂರ್ತಿ ನಿಜವಲ್ಲ. ಆ ಕಣ್ಣಿನಲ್ಲಿ ತಾನು ಒಳ್ಳೆಯವಳಾಗಿಯೇ ಉಳಿಯಬೇಕು ಎಂಬ ಆಸೆ ಅವಳಿಗೆ.

ಅಷ್ಟರಲ್ಲಿ ಅವಳಿಗೊಂದು ಉಪಾಯ ಹೊಳೆಯಿತು. ಕಡಲು ಎಲ್ಲ ಕೊಳೆಯನ್ನೂ ತೆಗೆದುಕೊಳ್ಳುತ್ತದಲ್ಲ? ಹಾಗಾದರೆ ಕಡಲಿಗೇ ಹೇಳಿದರಾಯಿತಲ್ಲ! ಹೇಳಬೇಕಾದದ್ದು ತಾನೇ ಮುಖ್ಯ, ಯಾರಿಗೆ ಎಂಬುದು ಯಾಕೆ?

ಅತ್ತೆಯನ್ನು ಎರಡನೆಯ ಸಲ ಮುಳುಗಿಸಿದಳು. ಮುದುಕಿಯ ತಲೆ, ಕಿವಿ ಎಲ್ಲ ನೀರಿನೊಳಗೆ ಹೋದ ಕೂಡಲೇ ರಸ್ನಿ ಕಡಲಿನತ್ತ ಮುಖ ಮಾಡಿ ಗಂಟಲು ಬಿರಿಯುವಂತೆ ಕೂಗಿದಳು, "ಬರುಣ ದೇವರೇ, ಬಿರಡೆ ಕಿತ್ತವಳು ನಾನು! ತಪ್ಪು ಅತ್ತೆಯದಲ್ಲ, ನನ್ನದು!" ಅಲೆ ಬಂದು ಬಡಿದು ಆ ಕೂಗನ್ನು ನುಂಗಿಕೊಂಡಿತು, ದಡದವರಿಗೆ ಕೇಳಿಸಲಿಲ್ಲ. ಅತ್ತೆಯನ್ನು ಮೇಲಕ್ಕೆತ್ತಿದಳು.

ಮುದುಕಿಯ ಕಿವಿಯಿಂದ ನೀರು ಸುರಿಯುತ್ತಿತ್ತು. "ಏನೋ ಅಂದೆಯಾ ಮಗಳೇ?" ಎಂದಳು.

"ಇಲ್ಲ ಅತ್ತೆ. ನಿಮಗೆ ವಾಸಿ ಆಗ್ಲಿ ಅಂತ ಬೇಡ್ಕೊಂಡೆ."

"ನಮ್ಮಿಬ್ಬರ ಮಧ್ಯೆ ಏನಾದ್ರೂ ಇದೆಯಾ? ಇದ್ರೆ ಹೇಳ್ಬೇಕು ಅಂದಿದ್ರಲ್ಲ ಜೆರೊ."

"ಏನೂ ಇಲ್ಲ ಅತ್ತೆ."

ದಡದಲ್ಲಿ ಜೆರೊ ಮೂರನೆಯ ನೀರು ಎರೆದ. "ಹೇಳಿದೆಯಾ?" ಎಂದು ರಸ್ನಿಯನ್ನು ಕೇಳಿದ. "ಹೇಳಿದೆ ಜೆರೊ," ಎಂದಳು. ಆ ಮಾತು ಸುಳ್ಳೂ ಅಲ್ಲ, ನಿಜವೂ ಅಲ್ಲ. ಅಂಥ ಮಾತುಗಳೇ ಮಕ್ಕಳೇ, ಹೆಚ್ಚು ದಿನ ಬದುಕುವುದು.

ಈಗ ನೋಡಿ ವಿಚಿತ್ರ. ಆ ದಿನ ರಸ್ನಿ ಹೊಟ್ಟೆ ತುಂಬ ಉಂಡಳು. ಎಷ್ಟೋ ವಾರದ ಮೇಲೆ ಗಾಢವಾಗಿ ನಿದ್ದೆ ಮಾಡಿದಳು. ಮೈ ಹಗುರವಾಯಿತು, ಮುಖಕ್ಕೆ ಕಳೆ ಬಂತು. ಅಡ್ಡೆ ಹೊತ್ತು ನಡೆಯುವಾಗ ಬಾಯಲ್ಲಿ ಹಾಡೂ ಬಂತು. ವಿರ್ತ ನಕ್ಕು, "ಕಡಲಿಗೆ ಕರ್ಕೊಂಡು ಹೋಗಿದ್ದು ಅಮ್ಮನ್ನ, ವಾಸಿ ಆಗಿದ್ದು ನೀನು!" ಎಂದ. ತಮಾಷೆಗೆ ಅಂದ. ರಸ್ನಿ ನಗಲು ನೋಡಿದಳು, ಆಗಲಿಲ್ಲ.

ಸಾದ್ರಿ ಮಾತ್ರ ಹಾಗೆಯೇ ಇದ್ದಳು. ಇನ್ನೂ ಇಳಿದಳು ಎಂದರೂ ಸರಿ. ಕಡಲ ನೀರೂ ಕೈಬಿಟ್ಟಿತು, ಇನ್ನು ತನಗೆ ಔಷಧವಿಲ್ಲ ಎಂದು ಅವಳಿಗೆ ಖಚಿತವಾಯಿತು.

ಒಂದು ದಿನ ರಸ್ನಿ ಗಂಜಿ ಹಿಡಿದು ಒಳಗೆ ಹೋದಾಗ ಮುದುಕಿ ಗೋಡೆಗಲ್ಲ, ಬಾಗಿಲಿಗೆ ಮುಖ ಮಾಡಿ ಕೂತಿದ್ದಳು. ಮುಂದೆ ಬುಡ ತೂತಾದ ಒಂದು ಹಳೆಯ ಮಡಕೆ. ತೂತಿಗೆ ಒಂದು ಕಡ್ಡಿ. ಕಡ್ಡಿಗೆ ಸುತ್ತಿದ ತೆಂಗಿನ ನಾರು. ಮಡಕೆಯಲ್ಲಿ ನೀರು. ಮುದುಕಿ ಕೆಳಗೆ ಬೆರಳಿಟ್ಟು ಒದ್ದೆಯಾಯಿತೇ ಎಂದು ನೋಡುವಳು. ನೀರು ಚೆಲ್ಲಿ, ಕಡ್ಡಿ ತೆಗೆದು, ಮತ್ತೆ ನಾರು ಸುತ್ತುವಳು. ಮತ್ತೆ ನೀರು ತುಂಬುವಳು. ಬೆರಳ ತುದಿ ಸುಲಿದು ಕೆಂಪಗಾಗಿತ್ತು. ಎಷ್ಟು ದಿನದಿಂದ ಹೀಗೆ ಮಾಡುತ್ತಿದ್ದಳೋ ಏನೋ.

"ನೋಡು ರಸ್ನಿ, ಸೋರ್ತಿಲ್ಲ," ಎಂದಳು ಮುದುಕಿ. "ನಿನ್ನೇನೂ ಸೋರ್ಲಿಲ್ಲ. ಮೊನ್ನೇನೂ ಸೋರ್ಲಿಲ್ಲ. ಅವತ್ತೊಂದಿನ ಯಾಕೆ ಸೋರ್ತು ಅಂತ ನಂಗೆ ಗೊತ್ತೇ ಆಗ್ತಿಲ್ಲ ಕಣೇ."

ರಸ್ನಿ ಗಂಜಿಯ ಬಟ್ಟಲನ್ನು ಕೆಳಗಿಟ್ಟಳು. ಅತ್ತೆಯ ಕಾಲು ಹಿಡಿದುಕೊಂಡು ಗೊಳೋ ಎಂದು ಅತ್ತಳು.

"ನಾನು ಅತ್ತೆ, ನಾನು! ನಿಮ್ಮ ಕೈ ತಪ್ಪಲ್ಲ. ಬಿರಡೆ ಕಿತ್ತವಳು ನಾನು. ಎಡಕ್ಕೆ ಎರಡು ಸಲ ತಿರುಚಿದೆ. ಬರ್ಲಿಲ್ಲ. ಹಲ್ಲು ಕಚ್ಚಿ ಎಳೆದೆ. ದರ್ಮಿ ಅಕ್ಕನ ಮೇಲಿನ ಹೊಟ್ಟೆಕಿಚ್ಚಿಗೆ ಮಾಡಿದೆ. ನಿಮ್ಮ ಬಿರಡೆ ಬಿಗಿಯಾಗೇ ಇತ್ತು ಅತ್ತೆ, ನನ್ನಾಣೆಗೂ ಬಿಗಿಯಾಗೇ ಇತ್ತು!"

ಸಾದ್ರಿ ಬಗ್ಗಿ ಅವಳ ಮುಖ ಎತ್ತಿದಳು. ಆಮೇಲೆ ಮೆಲ್ಲಗೆ ನಕ್ಕಳು. ಎಷ್ಟೋ ತಿಂಗಳ ಮೇಲೆ ಬಂದ ನಗು ಅದು. ಸುಲಿದ ಬೆರಳುಗಳಿಂದ ಸೊಸೆಯ ತಲೆ ಸವರಿದಳು.

"ನೀನೆಂಥ ಒಳ್ಳೆಯವಳೇ ತಾಯಿ," ಎಂದಳು. "ಈ ಮುದುಕಿ ಸಮಾಧಾನಕ್ಕೆ ಅಂತ ಇಷ್ಟು ದೊಡ್ಡ ಪಾಪ ನಿನ್ನ ತಲೆ ಮೇಲೆ ಹಾಕ್ಕೋತೀಯಾ?"

"ಅಯ್ಯೋ, ಸಮಾಧಾನಕ್ಕಲ್ಲ ಅತ್ತೆ. ನಿಜ!"

"ನಿಜ ಆಗಿದ್ರೆ ಅವತ್ತೇ ಹೇಳ್ತಿದ್ದೆ ಬಿಡು. ನೀರಲ್ಲಿ ನಿಂತು ನಾನೇ ಕೇಳಿದ್ನಲ್ಲ, ನಮ್ಮ ಮಧ್ಯೆ ಏನಾದ್ರೂ ಇದೆಯಾ ಅಂತ. ಏನೂ ಇಲ್ಲ ಅಂದೆ. ಕಡಲೊಳಗೆ ನಿಂತು ಸುಳ್ಳು ಹೇಳೋರು ಉಂಟೇ? ಅವತ್ತು ಹೇಳಿದ್ದೇ ನಿಜ. ಇವತ್ತಿಂದು ನಿನ್ನ ಒಳ್ಳೆತನ."

ರಸ್ನಿ ಆಣೆ ಇಟ್ಟಳು. ತಲೆ ಚಚ್ಚಿಕೊಂಡಳು. ಕಡಲಿಗೆ ಮುಖ ಮಾಡಿ ಕೂಗಿದ್ದನ್ನೂ ಹೇಳಿದಳು. ಅವಳು ಅತ್ತಷ್ಟೂ ಮುದುಕಿಗೆ ಅವಳ ಮೇಲೆ ಪ್ರೀತಿ ಹೆಚ್ಚಿತು, ನಂಬಿಕೆ ಮಾತ್ರ ಬರಲಿಲ್ಲ. ಕೊನೆಗೆ, "ಸುಮ್ನಿರು, ಸುಮ್ನಿರು, ದೇವರು ನಿನ್ನ ಚೆನ್ನಾಗಿಟ್ಟಿರ್ಲಿ," ಎಂದು ಹರಸಿ, ಮಡಕೆಯ ಕಡೆಗೆ ತಿರುಗಿ ಮತ್ತೆ ನಾರು ಸುತ್ತತೊಡಗಿದಳು.

ಆ ಹರಕೆ ಯಾವ ಶಾಪಕ್ಕಿಂತ ಕಡಿಮೆ, ಹೇಳಿ?

ಒಂಬತ್ತು ದಿನ ಕಳೆದು ಸಾದ್ರಿ ಪ್ರಾಣ ಬಿಟ್ಟಳು. ತೀರಿಕೊಂಡಾಗ ಬಲಗೈ ಮುಷ್ಟಿ ಕಟ್ಟಿತ್ತು. ಬಿಡಿಸಿ ನೋಡಿದರೆ ಒಳಗೆ ಒಂದು ಎಳೆ ನಾರು.

ದಹನವಾಯಿತು. ಬೂದಿಯನ್ನು ಎಳನೀರ ಬುರುಡೆಯಲ್ಲಿ ತುಂಬಿ ಕಡಲಿಗೆ ಬಿಡುವುದು ಅಲ್ಲಿಯ ಕ್ರಮ. ಮನೆಯವರು, ಊರವರು ಅದೇ ಕಪ್ಪು ಮರಳಿನ ಮೇಲೆ ಸೇರಿದರು. ವಿರ್ತ ಮತ್ತು ಅವನ ಅಣ್ಣ ಬುರುಡೆ ಹಿಡಿದು ನೀರಿಗೆ ಹೊರಟಾಗ ರಸ್ನಿ ಅಡ್ಡ ಬಂದು ನಿಂತಳು. ಈ ಸಲ ಕಡಲಿಗೆ ಬೆನ್ನು ಮಾಡಿ, ಜನಕ್ಕೆ ಮುಖ ಮಾಡಿ ನಿಂತಳು. ಎಲ್ಲವನ್ನೂ ಹೇಳಿದಳು. ಬಾವಿಕಟ್ಟೆಯ ಮಾತಿನಿಂದ ಹಿಡಿದು ಮಡಕೆಯ ತನಕ, ಒಂದನ್ನೂ ಬಿಡದೆ.

ವಿರ್ತ ಬೂದಿಯ ಬುರುಡೆಯನ್ನು ಎದೆಗವಚಿಕೊಂಡು ಹೆಂಡತಿಯ ಮುಖ ನೋಡದೆ ನಿಂತ. ದರ್ಮಿ ಇದ್ದಲ್ಲೇ ಮರಳ ಮೇಲೆ ಕುಸಿದು ಕೂತಳು.

"ನನ್ನ ಉಪ್ಪು ಹೋಗಿದ್ದಕ್ಕೆ ನಂಗೇನೂ ಇಲ್ಲ ಕಣೇ," ಎಂದಳು ದರ್ಮಿ. "ಆದ್ರೆ ಅತ್ತೆನ ಎಲ್ಲರ ಮುಂದೆ ಗದರಿದವಳು ನಾನು. ತಪ್ಪು ಅವರದೇ ಅಂತ ನಂಬ್ಕೊಂಡು ಗದರಿದೆ. ಅವರು ಇದ್ದಾಗ್ಲೇ ಹೇಳಿದ್ರೆ ಒಂದು ಸಲನಾದ್ರೂ ಅವರ ಕಾಲು ಹಿಡೀತಿದ್ನಲ್ಲೇ. ಅದಕ್ಕೂ ದಾರಿ ಇಲ್ಲದ ಹಾಗೆ ಮಾಡಿಬಿಟ್ಟೆಯಲ್ಲ."

ರಸ್ನಿ ಜೆರೊ ಸುವೆಕನ ಮುಂದೆ ಮಂಡಿಯೂರಿದಳು. "ನನ್ನನ್ನ ತೊಳೀರಿ ಜೆರೊ. ಎಷ್ಟು ಸಲ ಬೇಕಾದ್ರೂ ಮುಳುಗ್ತೀನಿ."

ಜೆರೊ ಮುದುಕನಾಗಿದ್ದ, ಎಷ್ಟೋ ಜನರ ತಲೆಗೆ ನೀರು ಎರೆದ ಕೈ ಅದು. ಅವನು ಬೈಯಲಿಲ್ಲ. ಚಿಪ್ಪು ತುಂಬ ಕಡಲ ನೀರು ತಂದು ಅವಳ ನೆತ್ತಿಗೆ ಎರೆದ. ಒಂದು, ಎರಡು, ಮೂರು. ಆಮೇಲೆ ಚಿಪ್ಪನ್ನು ಮಗುಚಿಟ್ಟು ಹೇಳಿದ, "ನನ್ನ ಕೈಲಾಗೋದು ಇಷ್ಟೇ ಮಗಳೇ. ನಿನ್ನ ಮಾತಿಂದ ತೊಳೀಬೇಕಾಗಿದ್ದ ಎದೆ ಒಂದಿತ್ತು. ಅದು ಈಗ ಆ ಬುರುಡೇಲಿ ಬೂದಿಯಾಗಿದೆ."

ಬುರುಡೆಯನ್ನು ನೀರಿಗೆ ಬಿಟ್ಟರು. ಅದು ಎರಡು ಅಲೆ ದಾಟಿ ಮೂರನೆಯದಕ್ಕೆ ಕಾಣದಾಯಿತು.

ರಸ್ನಿ ಆಮೇಲೂ ಬಹಳ ವರ್ಷ ಬದುಕಿದಳು. ಅವಳ ಉಪ್ಪು ದಂಡೆಗೆಲ್ಲ ಬಿಳುಪಾಗಿ, ಒಗರಿಲ್ಲದೆ ಬರತೊಡಗಿತು. ಎಡೆಗೆ ಮಾತ್ರ ಕೇಳಿದರೂ ಕೊಡುತ್ತಿರಲಿಲ್ಲ, ದರ್ಮಿಯ ಮನೆ ಕಡೆ ಕೈ ತೋರಿಸುತ್ತಿದ್ದಳು. ದರ್ಮಿ ಅವಳೊಂದಿಗೆ ಮಾತು ಬಿಡಲಿಲ್ಲ, ಹೆಚ್ಚು ಮಾತಾಡಲೂ ಇಲ್ಲ. ವರ್ಷ ವರ್ಷ ಶುದ್ಧಿಯ ದಿನ ಎಲ್ಲರಂತೆ ರಸ್ನಿಯೂ ಕಡಲಿಗಿಳಿದು ಮುಳುಗುವಳು. ಎಲ್ಲರೂ ಹಗುರವಾಗಿ ನಗುತ್ತ ಮನೆಗೆ ಹೋಗುವರು. ಅವಳು ಒದ್ದೆ ಬಟ್ಟೆ ಹಿಂಡಿಕೊಂಡು ತೊಟ್ಟಿಗಳ ಸಾಲಿಗೆ ಹೋಗಿ, ಬಗ್ಗಿ, ಒಂದೊಂದೇ ಬಿರಡೆಯ ಕೆಳಗೆ ಬೆರಳಿಟ್ಟು ನೋಡುವಳು.

ಯಾವುದೂ ಸೋರುತ್ತಿರಲಿಲ್ಲ.

ನೀತಿ: ಒಬ್ಬರಿಗೆ ಮಾಡಿದ ತಪ್ಪನ್ನು ಅವರಿಗೇ ಹೇಳಬೇಕು, ಅದೂ ಅವರು ನಂಬುವ ಹೊತ್ತಿನಲ್ಲೇ ಹೇಳಬೇಕು. ದೇವರಿಗೆ ಹೇಳಿಕೊಂಡರೆ, ಕಡಲಿಗೆ ಹೇಳಿಕೊಂಡರೆ ನಮ್ಮ ಎದೆ ಹಗುರವಾದೀತು, ಆದರೆ ನಾವು ಅವರ ಮೇಲೆ ಹೊರಿಸಿದ ಭಾರ ಹಾಗೆಯೇ ಇರುತ್ತದೆ. ತಡವಾಗಿ ಬಂದ ನಿಜವನ್ನು ನಂಬಲು ಯಾರೂ ಉಳಿದಿರುವುದಿಲ್ಲ.